ಕರಿಯಾ ಬಂದ ಮೇಲಿನ ಮನೆ

ನಮ್ಮ ಕಡೆ ಹೊಸ ಮನೆಯ ಪ್ರವೇಶದ ದಿನ ಮೊದಲು ಒಳಗೆ ಕರೆದೊಯ್ಯುವುದು ಆಕಳನ್ನು. ಹಣೆಗೆ ಅರಿಶಿನ ಕುಂಕುಮ, ಕೊರಳಿಗೆ ಹೂವಿನ ಸರ, ಬೆನ್ನ ಹಿಂದೆ ಕರು. ಆಮೇಲೆ ಕಳಶ, ದೇವರ ಪಟ, ಉಕ್ಕಿಸುವ ಹಾಲು. ನಾಯಿಯನ್ನು ಒಳಗೆ ಕರೆಯುವ ಶಾಸ್ತ್ರವನ್ನು ಯಾವ ಪುರೋಹಿತರೂ ಹೇಳುವುದಿಲ್ಲ. ಅದು ತಾನಾಗಿ ಬರುತ್ತದೆ, ಇಲ್ಲವೆ ಯಾರೋ ತಂದು ಬಿಡುತ್ತಾರೆ. ಬಂದರೂ ಹೊಸ್ತಿಲಿನ ಹೊರಗೇ ಅದರ ಜಾಗ. ಹೀಗೆ ಮುಹೂರ್ತವಿಲ್ಲದೆ ಬಂದ ಒಂದು ಜೀವವು ನಮ್ಮ ಮನೆಯನ್ನು ಮನೆಯಾಗಿಸಿದ ಬಗೆಯನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಗಡಿಯ ಈಚೆಗೆ ಬಾಳುವ ನಮ್ಮಂಥ ಎಷ್ಟೋ ಕುಟುಂಬಗಳು ಹಳ್ಳಿಯ ಮನೆಗೆ ಬೀಗ ಹಾಕಿ ಪಟ್ಟಣ ಸೇರುತ್ತಿರುವ ಕಾಲವಿದು. ಅವರಿಗೆ ಈ ಮಾತು ಹೊಸದೆನಿಸಲಾರದು. ಆದರೂ ಹಂಚಿಕೊಂಡರೆ ಹಿತವೆನಿಸೀತು.

ಅಕ್ಕಲಕೋಟ ತಾಲ್ಲೂಕಿನ ನಮ್ಮ ಹಳ್ಳಿಯನ್ನು ಬಿಟ್ಟು ಸೊಲ್ಲಾಪುರದ ಅಂಚಿನಲ್ಲಿರುವ ಹೊಸ ಬಡಾವಣೆಗೆ ನಾವು ಬಂದದ್ದು ಮಾವನವರು ತೀರಿಕೊಂಡ ಮರುವರ್ಷ. ನಮ್ಮ ಮನೆಯವರ ಕೆಲಸ ಪಟ್ಟಣದಲ್ಲಿತ್ತು. ಮಕ್ಕಳಿಬ್ಬರನ್ನೂ ಕನ್ನಡ ಮಾಧ್ಯಮದಲ್ಲಿಯೇ ಓದಿಸಬೇಕೆಂಬುದು ಮಾವನವರು ಇದ್ದಾಗಲೇ ನಿಶ್ಚಯವಾದ ಮಾತು. ಅದಕ್ಕೆ ಅನುಕೂಲವಾದ ಶಾಲೆಯೂ ಇಲ್ಲಿ ದೊರೆಯಿತು. ಸಾಲ ಮಾಡಿ ಕಟ್ಟಿಸಿದ ಮನೆ. ಎರಡು ಕೋಣೆ, ಒಂದು ಪಡಸಾಲೆ, ಅಡುಗೆಮನೆ, ನುಣುಪಾದ ಹಾಸುಗಲ್ಲು, ಕಬ್ಬಿಣದ ಗೇಟು. ಮಳೆಗಾಲದಲ್ಲಿ ಸೋರುವ ಚಿಂತೆಯಿಲ್ಲ, ಬೇಸಿಗೆಯಲ್ಲಿ ಮಾಳಿಗೆಗೆ ಮಣ್ಣು ಹಾಕಿಸುವ ಕೆಲಸವಿಲ್ಲ.

ಆದರೂ ಆ ಮನೆಯಲ್ಲಿ ಏನೋ ಕೊರತೆಯಿತ್ತು. ಮಕ್ಕಳ ಮಾತಿನಲ್ಲಿ ಅದು ಬೇಗ ಹೊರಬಿತ್ತು. ಹಳ್ಳಿಯ ಮನೆಯನ್ನು ಅವರು ‘ನಮ್ಮ ಮನಿ’ ಎನ್ನುತ್ತಿದ್ದರು. ಇದನ್ನು ‘ಸೊಲ್ಲಾಪುರದ ಮನಿ’ ಎನ್ನುತ್ತಿದ್ದರು. ದೀಪಾವಳಿ ಸೂಟಿ ಬಂದರೆ ‘ಮನಿಗಿ ಯಾವಾಗ ಹೋಗೂಣು?’ ಎಂದು ಕೇಳುತ್ತಿದ್ದರು. ಮನೆಯೊಳಗೇ ಕುಳಿತು ಮನೆಗೆ ಯಾವಾಗ ಹೋಗುವುದು ಎಂದು ಕೇಳುವ ಮಕ್ಕಳಿಗೆ ಏನು ಉತ್ತರ ಹೇಳುವುದು?

ಅತ್ತೆಯವರ ಸ್ಥಿತಿ ಇನ್ನೂ ಕಠಿಣವಾಗಿತ್ತು. ಹಳ್ಳಿಯಲ್ಲಿ ಅವರಿಗೆ ಮುಂಜಾನೆಯಿಂದ ರಾತ್ರಿಯವರೆಗೆ ಕೆಲಸ. ದಾರಿಯಲ್ಲಿ ಹೋಗುವವರೆಲ್ಲ ಕಟ್ಟೆಯ ಹತ್ತಿರ ನಿಂತು ಮಾತಾಡಿಸಿಯೇ ಮುಂದೆ ಸಾಗುತ್ತಿದ್ದರು. ಇಲ್ಲಿ ಅವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಬೀದಿ ನೋಡುತ್ತಿದ್ದರು. ನಮ್ಮ ಓಣಿಯಲ್ಲಿ ಮರಾಠಿ ಮಾತಿನ ಮನೆಗಳೇ ಹೆಚ್ಚು; ಎದುರಿಗೆ ನೇಕಾರ ಮನೆತನದ ತೆಲುಗರು, ಮೂಲೆಯಲ್ಲಿ ಉರ್ದು ಮಾತಿನವರು. ಸೊಲ್ಲಾಪುರವೇ ಹಾಗೆ, ನಾಲ್ಕು ಭಾಷೆಗಳನ್ನು ಒಂದೇ ಚಾದರದಲ್ಲಿ ನೇಯ್ದ ಊರು. ಅತ್ತೆಯವರಿಗೆ ಸಂತೆಯ ವ್ಯಾಪಾರಕ್ಕೆ ಸಾಲುವಷ್ಟು ಮರಾಠಿ ಬರುತ್ತಿತ್ತು. ಆದರೆ ಕಾಯಿಪಲ್ಲೆಯ ದರ ಕೇಳುವುದು ಬೇರೆ, ಸುಖದುಃಖ ಮಾತಾಡುವುದು ಬೇರೆ. ತಪ್ಪಾದರೆ ನಕ್ಕಾರೆಂಬ ಸಂಕೋಚದಿಂದ ಅವರು ಬಾಯಿಯನ್ನೇ ಬಿಡುತ್ತಿರಲಿಲ್ಲ. ಮಕ್ಕಳು ಅವರನ್ನು ನಮ್ಮ ಕಡೆಯ ರೂಢಿಯಂತೆ ‘ಆಯಿ’ ಎಂದು ಕರೆಯುತ್ತಾರೆ. ಓಣಿಯ ಮಕ್ಕಳಿಗೆ ಆಯಿ ಎಂದರೆ ತಾಯಿ. ನಮ್ಮ ಮಗಳು ಅಜ್ಜಿಯನ್ನು ತಾಯಿ ಎಂದು ಕರೆಯುತ್ತಾಳೆಂದು ಅವರು ನಗುತ್ತಿದ್ದರು. ಆ ಮುಗ್ಧ ನಗೆಯನ್ನೂ ಅತ್ತೆಯವರು ತಮ್ಮ ಮೇಲೆಯೇ ಹಾಕಿಕೊಂಡು ಇನ್ನಷ್ಟು ಒಳಗೆ ಸರಿದರು.

ಕಿರಿಯ ಮಗಳು ಆಗ ಮೂರನೆಯ ತರಗತಿಯಲ್ಲಿದ್ದಳು. ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ. ಸಂಜೆ ಆಟದ ನಡುವೆ ‘ಒಳಗ ಬಾ’ ಎಂದು ಕರೆದರೆ ‘ಆಲೇ, ಆಲೇ’ ಎಂದು ಓಡಿ ಬರುತ್ತಿದ್ದಳು. ನೆರೆಯವರ ಭಾಷೆ ಬಂದದ್ದು ಒಳ್ಳೆಯದೇ. ಅದರಲ್ಲಿ ಬೇಸರಪಡುವಂಥದ್ದು ಏನೂ ಇಲ್ಲ. ಆದರೆ ಮನೆಯೊಳಗೆ ಮಾತೇ ಕಡಿಮೆಯಾಗಿತ್ತು. ನಾವಿಬ್ಬರೂ ದುಡಿದು ದಣಿದು ಬರುವವರು, ಅಜ್ಜಿ ಮೌನಿ. ಮಾತು ಕಡಿಮೆಯಾದ ಮನೆಯಲ್ಲಿ ಭಾಷೆ ಉಳಿಯುವುದಾದರೂ ಎಲ್ಲಿ? ಪಾಠಪುಸ್ತಕದ ಕನ್ನಡ ಪರೀಕ್ಷೆಗೆ ಸಾಕು. ಬೈಯಲು, ಮುದ್ದಿಸಲು, ಕತೆ ಹೇಳಲು ಬೇರೆ ಕನ್ನಡ ಬೇಕು. ಅದು ದೊಡ್ಡವರ ಬಾಯಿಂದ ಸಣ್ಣವರ ಕಿವಿಗೆ ಬೀಳುತ್ತಲೇ ಇರಬೇಕು.

ಶ್ರಾವಣದ ಒಂದು ಸೋಮವಾರ, ಹೊಲ ನೋಡಿಕೊಳ್ಳುವ ನನ್ನ ಮೈದುನ ಮೋಟಾರುಸೈಕಲ್ಲಿನ ಹಿಂದೆ ಬುಟ್ಟಿಯೊಂದನ್ನು ಕಟ್ಟಿಕೊಂಡು ಬಂದರು. ಬುಟ್ಟಿಯಲ್ಲಿ ಒಂದು ನಾಯಿಮರಿ. ತೊಗರಿ ಹೊಲ ಕಾಯುವ ನಾಯಿ ಹಾಕಿದ ಐದು ಮರಿಗಳಲ್ಲಿ ಇದೊಂದು. ಎರಡು ತಿಂಗಳು ತುಂಬಿತ್ತು. ಮೈಯೆಲ್ಲ ಕಪ್ಪು, ಎದೆಯ ಮೇಲೆ ಅಂಗೈಯಗಲ ಬಿಳುಪು. ಮಕ್ಕಳು ಕುಣಿದಾಡಿದರು. ನಾನು ಖರ್ಚು ಲೆಕ್ಕ ಹಾಕುತ್ತಿದ್ದೆ. ಅತ್ತೆಯವರು ಕಿಟಕಿಯಿಂದಲೇ ನೋಡಿ ಹೇಳಿದರು: ‘ಊರಾಗಿನ ನಾಯಿ ಊರಾಗೇ ಇರಲಿ. ಇಲ್ಲಿ ಅದಕ್ಕ ಕೂಡಲಾಕ ಕಟ್ಟೀನೂ ಇಲ್ಲ, ಬೇವಿನ ಗಿಡದ ನೆರಳೂ ಇಲ್ಲ. ಪಾಪ, ಯಾಕ ತಂದ್ರಿ ಅದಕ್ಕ?’ ಅವರು ಹೇಳಿದ್ದು ನಾಯಿಯ ಮಾತಷ್ಟೇ ಅಲ್ಲವೆಂದು ನಮಗೆಲ್ಲ ತಿಳಿಯಿತು. ಯಾರೂ ಮಾತಾಡಲಿಲ್ಲ.

ಆ ರಾತ್ರಿ ಮರಿ ನಿದ್ದೆ ಮಾಡಲಿಲ್ಲ. ತಾಯಿಯ ಮೈಬಿಸಿ, ಒಡಹುಟ್ಟಿದವರ ಒತ್ತು, ಎರಡೂ ಒಂದೇ ದಿನದಲ್ಲಿ ಇಲ್ಲವಾದ ಕೂಸು. ಬಾಗಿಲ ಹೊರಗೆ ಕುಂಯ್‌ಗುಡುತ್ತಲೇ ಇತ್ತು. ನಡುರಾತ್ರಿ ಎಚ್ಚರವಾಗಿ ನೋಡಿದರೆ ಅತ್ತೆಯವರ ಹಾಸಿಗೆ ಖಾಲಿ. ಮುಂಬಾಗಿಲು ತೆರೆದಿತ್ತು. ತಾವೇ ಹೊಲಿದ ಹಳೆಯ ಕೌದಿಯನ್ನು ಮಡಚಿ ಹಾಸಿ, ಅದರ ಮೇಲೆ ಮರಿಯನ್ನು ಮಲಗಿಸಿ, ಅದರ ತಲೆ ನೇವರಿಸುತ್ತ ಮೆಟ್ಟಿಲ ಮೇಲೆ ಕೂತಿದ್ದರು. ಸುಮ್ಮನೆ ಕೂತಿರಲಿಲ್ಲ, ಮಾತಾಡುತ್ತಿದ್ದರು. ಊರ ಬಾವಿ, ಸತ್ತ ಎತ್ತು, ಮಾವನವರ ಸಿಟ್ಟು, ಆ ವರ್ಷದ ಮಳೆ, ಎಲ್ಲವನ್ನೂ ಆ ಮರಿಗೆ ಹೇಳುತ್ತಿದ್ದರು. ಅಷ್ಟು ಹೊತ್ತು ಅವರ ದನಿ ಕೇಳಿ ಎಷ್ಟೋ ತಿಂಗಳುಗಳಾಗಿದ್ದವು. ನಾನು ಸಪ್ಪಳ ಮಾಡದೆ ಒಳಗೆ ಬಂದೆ.

ಹೆಸರಿಡುವಾಗ ದೊಡ್ಡ ಚರ್ಚೆಯೇ ನಡೆಯಿತು. ಮಗನಿಗೆ ರಾಕಿ ಎಂದಾಗಬೇಕು, ಮಗಳಿಗೆ ಸಿಂಬಾ. ಅತ್ತೆಯವರು ಅಷ್ಟರಲ್ಲಿ ‘ಕರಿಯಾ’ ಎಂದು ನಾಲ್ಕು ಸಲ ಕರೆದಿದ್ದರು. ಮರಿ ನಾಲ್ಕು ಸಲವೂ ಬಾಲ ಅಲ್ಲಾಡಿಸಿತ್ತು. ಚರ್ಚೆ ಅಲ್ಲಿಗೆ ಮುಗಿಯಿತು.

ನಾಯಿ ಬಂದ ಮೇಲೆ ಮನೆಗೆ ಮೊದಲು ಬಂದದ್ದು ಹೊತ್ತು. ಅದರ ಮೊದಲು ನಮ್ಮ ದಿನಕ್ಕೆ ಗಡಿಯಾರವಿತ್ತು, ಹೊತ್ತು ಇರಲಿಲ್ಲ. ಈಗ ಬೆಳಗಿನ ಐದೂವರೆಗೆ ಬಾಗಿಲು ಕೆರೆಯುವ ಸಪ್ಪಳ. ಅತ್ತೆಯವರು ಎದ್ದು ಅಂಗಳಕ್ಕೆ ನೀರು ಹಾಕಬೇಕು. ಶಾಲೆಯಿಂದ ಮಕ್ಕಳು ಬರುವ ಮುನ್ನವೇ ಕರಿಯಾ ಗೇಟಿನ ಸರಳುಗಳ ನಡುವೆ ಮೂತಿಯಿಟ್ಟು ನಿಲ್ಲುತ್ತಾನೆ. ರಾತ್ರಿ ನಮ್ಮ ಮನೆಯವರ ಗಾಡಿ ಓಣಿಯ ತಿರುವು ದಾಟುವ ಮೊದಲೇ ಅವನ ಕಿವಿ ನಿಮಿರುತ್ತವೆ. ನಾನು ಒಲೆಯ ಮೇಲೆ ಸಾರು ಬಿಸಿಗಿಡುತ್ತೇನೆ. ಮನುಷ್ಯನ ಕಿವಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿಸಿದರೆ ನಾಯಿಗೆ 40,000ಕ್ಕಿಂತ ಮೇಲಿನದೂ ಕೇಳಿಸುತ್ತದೆ ಎಂದು ಮಗ ವಿಜ್ಞಾನದ ಪಾಠ ಒಪ್ಪಿಸುತ್ತಾನೆ. ನನಗೆ ತಿಳಿದದ್ದು ಇಷ್ಟೇ: ಯಾರೋ ನಮ್ಮ ಬರವನ್ನು ಕಾಯುತ್ತಿದ್ದಾರೆ ಎಂಬ ಅರಿವಿನಿಂದ ಬರುವವನ ನಡಿಗೆಯೂ ಬದಲಾಗುತ್ತದೆ.

ಎರಡನೆಯದಾಗಿ ಬಂದದ್ದು ರೊಟ್ಟಿಯ ಲೆಕ್ಕ. ಹಳ್ಳಿಯಲ್ಲಿ ಮೊದಲ ರೊಟ್ಟಿ ಆಕಳಿಗೆ, ಕಡೆಯದು ನಾಯಿಗೆ ಎಂಬ ಪದ್ಧತಿಯಿತ್ತು. ಪಟ್ಟಣಕ್ಕೆ ಬಂದ ಮೇಲೆ ಉಳಿದ ರೊಟ್ಟಿ ಘಂಟಾಗಾಡಿಯ ಪಾಲಾಗುತ್ತಿತ್ತು. ಅನ್ನವನ್ನು ಕಸದ ಬಂಡಿಗೆ ಹಾಕುವಾಗ ಅತ್ತೆಯವರು ಮುಖ ತಿರುಗಿಸುತ್ತಿದ್ದರು. ಈಗ ಹಿಟ್ಟು ನಾದುವಾಗಲೇ ‘ಕರಿಯಾಂದು ಹಿಡಿದು ಎಷ್ಟು?’ ಎಂದು ಕೇಳುತ್ತಾರೆ. ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ವಾರಕ್ಕೆ ಮೂರು ಸಲ ಮೊಟ್ಟೆ ಸೇರಿಸಿ ಹಾಕುವುದು ಅವರದೇ ಕೆಲಸ. ಉಳ್ಳಾಗಡ್ಡಿ, ಬಳ್ಳೊಳ್ಳಿ, ದ್ರಾಕ್ಷಿ, ಚಾಕೊಲೇಟು ನಾಯಿಗೆ ವಿಷವೆಂದು ಪಶು ದವಾಖಾನೆಯ ವೈದ್ಯರು ಹೇಳಿದ್ದನ್ನು ಮಕ್ಕಳಿಗಿಂತ ಮೊದಲು ಬಾಯಿಪಾಠ ಮಾಡಿಕೊಂಡವರೂ ಅವರೇ.

ಮೂರನೆಯದು ಬೀದಿಯ ಸಂಬಂಧ. ನಾಯಿಮರಿ ಇರುವ ಮನೆಯ ಗೇಟಿನ ಮುಂದೆ ಮಕ್ಕಳು ನಿಲ್ಲದೆ ಹೋಗಲಾರರು. ‘ಹ್ಯಾಚ ನಾವ ಕಾಯ್?’ ಎಂದು ಅವರು ಕೇಳಬೇಕು, ಅತ್ತೆಯವರು ಹೇಳಬೇಕು. ಕರಿಯಾ ಎಂದರೆ ಕಪ್ಪಗಿರುವವನು ಎಂದು ವಿವರಿಸಬೇಕು. ಓಣಿಯ ಹುಡುಗರು ಅವನನ್ನು ‘ಕರ್ಯಾ’ ಎಂದರು. ಎದುರುಮನೆಯ ತೆಲುಗು ಅಜ್ಜಿ ಕೊಂಚ ಎಳೆದು ಕರೆದರು. ಕರಿಯಾ ಎಲ್ಲ ಕರೆಗೂ ಓಗೊಟ್ಟ. ‘ಕೂಡು’, ‘ಬಾ’, ‘ಬ್ಯಾಡ’ ಎಂಬ ಮೂರು ಕನ್ನಡ ಶಬ್ದಗಳು ಓಣಿಯ ಮಕ್ಕಳಿಗೆಲ್ಲ ಬಂದವು, ಏಕೆಂದರೆ ನಾಯಿಗೆ ಬರುತ್ತಿದ್ದದ್ದು ಅವೇ. ಅವರ ‘ಹಾಡ್’ ಎಂಬ ಗದರಿಕೆಯೂ ನಮ್ಮ ‘ಹಚಾ’ ಎಂಬುದೂ ಒಂದೇ ಎಂದು ಕರಿಯಾ ಬೇಗ ಕಲಿತ. ಗಡಿನಾಡಿನ ಮಕ್ಕಳು ಕಲಿಯುವುದೂ ಹೀಗೆಯೇ ಅಲ್ಲವೆ? ಮನೆಯ ಮಾತು ಗಟ್ಟಿಯಾಗಿದ್ದರೆ ಬೀದಿಯ ಮಾತು ಅದರ ಮೇಲೆ ಸುಲಭವಾಗಿ ಕೂರುತ್ತದೆ.

ನಾಯಿಗೆ ಭಾಷೆ ಗೊತ್ತಾಗುತ್ತದೆಯೇ ಎಂಬ ಪ್ರಶ್ನೆಯನ್ನು ವಿಜ್ಞಾನಿಗಳೂ ಕೇಳಿದ್ದಾರೆ. ಮೆಕ್ಸಿಕೊ ದೇಶದ ಲೌರಾ ಕುವಾಯಾ ಎಂಬ ಸಂಶೋಧಕಿ ಸಂಶೋಧನೆಗಾಗಿ ಹಂಗೆರಿಯ ಬುಡಾಪೆಸ್ಟ್ ನಗರಕ್ಕೆ ವಲಸೆ ಹೋದರು; ತಮ್ಮ ನಾಯಿಯನ್ನೂ ಒಯ್ದರು. ಅಲ್ಲಿಯವರೆಗೆ ಸ್ಪ್ಯಾನಿಷ್ ಮಾತ್ರ ಕೇಳಿದ್ದ ನಾಯಿಗೆ ಸುತ್ತಲಿನ ಹಂಗೆರಿಯನ್ ಮಾತು ಬೇರೆಯದೆಂದು ತಿಳಿಯುತ್ತದೆಯೇ ಎಂಬ ಕುತೂಹಲ ಅವರಿಗೆ ಹುಟ್ಟಿತು. ಅವರೂ ಅವರ ಸಂಗಡಿಗರೂ 18 ನಾಯಿಗಳಿಗೆ ಮಿದುಳಿನ ಸ್ಕ್ಯಾನ್ ಯಂತ್ರದೊಳಗೆ ಅಲುಗಾಡದೆ ಮಲಗುವುದನ್ನು ಕಲಿಸಿ, ಒಂದೇ ಕತೆಯನ್ನು ಎರಡೂ ಭಾಷೆಗಳಲ್ಲಿ ಕೇಳಿಸಿದರು. ಪರಿಚಿತ ಭಾಷೆಗೂ ಅಪರಿಚಿತ ಭಾಷೆಗೂ ನಾಯಿಯ ಮಿದುಳು ಬೇರೆ ಬೇರೆ ರೀತಿಯಲ್ಲಿ ಸ್ಪಂದಿಸುತ್ತದೆ ಎಂದು ಕಂಡುಬಂತು. ವಯಸ್ಸಾದ ನಾಯಿಗಳಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಗಿತ್ತು. ವರ್ಷಗಟ್ಟಲೆ ಮನೆಯ ಮಾತು ಕೇಳುತ್ತ ಬಂದ ಕಿವಿ ಆ ಮಾತಿನ ಲಯಕ್ಕೆ ಹದಗೊಳ್ಳುತ್ತದೆ ಎಂದಾಯಿತು. ಇದನ್ನು ಓದಿ ಹೇಳಿದಾಗ ಅತ್ತೆಯವರು ಆಶ್ಚರ್ಯಪಡಲಿಲ್ಲ. ‘ಅದಕ್ಕ ಅಷ್ಟು ದೊಡ್ಡ ಮಶೀನ್ ಯಾಕ ಬೇಕಾಗಿತ್ತು?’ ಎಂದರು.

ಇನ್ನೊಂದು ಸಂಶೋಧನೆ ಜಪಾನಿನದು. 2015ರಲ್ಲಿ ಪ್ರಕಟವಾದ ಅದರ ಸಾರಾಂಶ ಹೀಗಿದೆ: ನಾಯಿ ಮತ್ತು ಅದನ್ನು ಸಾಕಿದವರು ಪರಸ್ಪರ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತ ಕೂತರೆ ಇಬ್ಬರಲ್ಲಿಯೂ ಆಕ್ಸಿಟೋಸಿನ್ ಎಂಬ ರಸ ಹೆಚ್ಚುತ್ತದೆ. ತಾಯಿ ಮತ್ತು ಕೂಸಿನ ನಡುವಿನ ಬಂಧದಲ್ಲಿ ಕೆಲಸ ಮಾಡುವುದೂ ಇದೇ ರಸ. ಸಾಕಿದ ತೋಳಗಳಲ್ಲಿ ಹೀಗಾಗಲಿಲ್ಲವಂತೆ. ಮನುಷ್ಯನ ಜೊತೆಗಿನ ಸಾವಿರಾರು ವರ್ಷಗಳ ಒಡನಾಟ ನಾಯಿಯ ನೋಟವನ್ನೇ ಬದಲಿಸಿದೆ. ಜರ್ಮನಿಯ ಓಬರ್‌ಕಾಸೆಲ್ ಎಂಬಲ್ಲಿ ಸುಮಾರು 14,000 ವರ್ಷ ಹಳೆಯ ಸಮಾಧಿಯೊಂದರಲ್ಲಿ ಗಂಡು, ಹೆಣ್ಣು ಇಬ್ಬರ ಜೊತೆಗೆ ನಾಯಿಯ ಎಲುಬುಗಳೂ ದೊರೆತಿವೆ. ನಮ್ಮ ದೇಶದಲ್ಲಿಯೇ ಕಾಶ್ಮೀರದ ಬುರ್ಜಹೋಮ್‌ನ ನವಶಿಲಾಯುಗದ ನೆಲೆಯಲ್ಲಿ ಮನುಷ್ಯರೊಂದಿಗೆ ನಾಯಿಗಳನ್ನು ಹೂಳಿದ ಕುರುಹುಗಳಿವೆ. ಮನೆಯೆಂಬುದು ಗೋಡೆ, ಮಾಡುಗಳಿಂದ ನೆಟ್ಟಗೆ ನಿಲ್ಲುವ ಮೊದಲೇ ನಾಯಿ ಮನೆಯವರ ಜೊತೆಗಿತ್ತು.

ಕನ್ನಡಿಗರಿಗಂತೂ ಈ ಋಣವನ್ನು ಕಲ್ಲಿನಲ್ಲಿ ಬರೆದಿಟ್ಟ ಹೆಮ್ಮೆಯಿದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಸುಮಾರು 950ರದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನೆಂಬ ವೀರನಿಗೆ ಗಂಗ ದೊರೆ ಬೂತುಗನು ಮೆಚ್ಚಿ ‘ಬೇಡು’ ಎಂದಾಗ ಅವನು ಊರನ್ನೋ ಹೊನ್ನನ್ನೋ ಕೇಳದೆ, ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ಕಾಳಿ ದೊಡ್ಡ ಹಂದಿಯೊಂದರ ಜೊತೆಗೆ ಹೋರಾಡಿ, ಅದನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗಾಗಿ ಭೂಮಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಂಡರೆ ಪಾಪವೆಂದೂ ಬರೆಸಿದರು. ಈ ಕತೆ ಹೇಳಿದ ದಿನ ಮಗ ಬಹಳ ಹೊತ್ತು ಕರಿಯಾನ ಪಕ್ಕ ಕೂತಿದ್ದ. ಕರಿಯಾನೂ ಒಂದು ರೀತಿಯಲ್ಲಿ ಕಾಳಿಯೇ ಎಂದು ಅವನ ವಾದ. ಹಂದಿ ಹಾಗಿರಲಿ, ಬೆಕ್ಕು ಬಂದರೆ ಅತ್ತೆಯವರ ಸೀರೆಯ ಹಿಂದೆ ಅಡಗುವ ನಾಯಿಯಿದು. ಆದರೆ ಅಣ್ಣನ ಮಾತಿಗೆ ತಂಗಿಯೂ ಒಪ್ಪಿದಳು.

ನಮ್ಮ ಭಾಗದ ದೇವರುಗಳೂ ನಾಯಿಯನ್ನು ಹೊರಗಿಟ್ಟವರಲ್ಲ. ಅಕ್ಕಲಕೋಟ, ಗಾಣಗಾಪುರಗಳಿಗೆ ನಡೆದುಕೊಳ್ಳುವ ಮನೆಗಳಲ್ಲಿ ದತ್ತಾತ್ರೇಯರ ಪಟವಿಲ್ಲದ ಗೋಡೆಯಿಲ್ಲ. ಆ ಪಟದಲ್ಲಿ ಸ್ವಾಮಿಯ ಪಾದದ ಬಳಿ ನಾಲ್ಕು ನಾಯಿಗಳು. ಅವು ನಾಲ್ಕು ವೇದಗಳೆಂದು ಹಿರಿಯರು ಹೇಳುತ್ತಾರೆ. ಸೊಲ್ಲಾಪುರದ ಬಾಳೆಯ ಖಂಡೋಬಾ ನಮಗೆ ಮೈಲಾರ ಮಲ್ಲಯ್ಯ. ಅವನ ಜೊತೆಗೂ ನಾಯಿಯಿದೆ. ಅವನ ಭಕ್ತರಾದ ಗೊರವರು, ವಾಘ್ಯಾಗಳು ತಾವೇ ದೇವರ ನಾಯಿಗಳೆಂದು ಹೇಳಿಕೊಳ್ಳುವುದರಲ್ಲಿ ಅವಮಾನ ಕಾಣಲಿಲ್ಲ. ನಾಯಿ ಎಂಬುದನ್ನು ಬೈಗುಳವಾಗಿ ಬಳಸುವ ನಾವೇ ಅದನ್ನು ದೇವರ ಬಾಗಿಲಲ್ಲಿಯೂ ನಿಲ್ಲಿಸಿದ್ದೇವೆ.

ಎಲ್ಲವೂ ಸುಖವಾಗಿಯೇ ಸಾಗಿತು ಎಂದಲ್ಲ. ರಾತ್ರಿ ಬೊಗಳುವ ಸದ್ದಿನ ಬಗ್ಗೆ ಓಣಿಯ ಒಂದು ಮನೆಯಿಂದ ದೂರು ಬಂತು. ಅವರ ಮನೆಯಲ್ಲಿ ರೋಗಿಗಳಿದ್ದರು, ದೂರು ನ್ಯಾಯವಾದದ್ದೇ. ಅಂದಿನಿಂದ ಕರಿಯಾನನ್ನು ರಾತ್ರಿ ಪಡಸಾಲೆಯೊಳಗೆ ಮಲಗಿಸತೊಡಗಿದೆವು. ಹೊಸ್ತಿಲ ಹೊರಗಿನವನು ಒಳಗೆ ಬಂದದ್ದು ಹೀಗೆ, ದೂರಿನ ಕೃಪೆಯಿಂದ.

ಪರೀಕ್ಷೆಯೆಂಬುದು ಬಂದದ್ದು ಜನವರಿಯಲ್ಲಿ. ಸಂಕ್ರಾಂತಿಯ ಹೊತ್ತಿಗೆ ನಡೆಯುವ ಸಿದ್ಧೇಶ್ವರ ಯಾತ್ರೆ ಸೊಲ್ಲಾಪುರದ ಪ್ರಾಣ. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ಕೆರೆ ಕಟ್ಟಿಸಿ, ಕನ್ನಡದಲ್ಲಿ ವಚನ ಬರೆದ ಸೊನ್ನಲಿಗೆಯ ಸಿದ್ಧರಾಮನ ಯಾತ್ರೆಯಿದು. ಎತ್ತರದ ನಂದಿಧ್ವಜಗಳನ್ನು ಹೊತ್ತ ಮೆರವಣಿಗೆ ನೋಡಲು ಅಕ್ಕಲಕೋಟ, ಇಂಡಿ, ಅಫಜಲಪುರಗಳ ಕಡೆಯಿಂದಲೂ ಜನ ಬರುತ್ತಾರೆ. ಯಾತ್ರೆಯ ಒಂದು ರಾತ್ರಿ ಹೋಮ್ ಮೈದಾನದಲ್ಲಿ ಮದ್ದು ಸುಡುವ ಶೋಭೆ. ಆ ದಿನ ನಮ್ಮ ಬಡಾವಣೆಯಲ್ಲಿಯೂ ಹುಡುಗರು ಪಟಾಕಿ ಹಚ್ಚಿದರು. ಕರಿಯಾನಿಗೆ ಆಗ ಏಳು ತಿಂಗಳು. ಮೊದಲ ಸಲ ಅಂಥ ಸದ್ದು. ಯಾರೋ ನೆಂಟರು ಗೇಟು ತೆರೆದು ಒಳಬರುವ ಕ್ಷಣದಲ್ಲಿಯೇ ಹತ್ತಿರದಲ್ಲಿ ದೊಡ್ಡ ಪಟಾಕಿಯೊಂದು ಸಿಡಿಯಿತು. ಕರಿಯಾ ಅವರ ಕಾಲ ಸಂದಿಯಿಂದ ನುಗ್ಗಿ ಕತ್ತಲಲ್ಲಿ ಮರೆಯಾದ.

ಆ ರಾತ್ರಿ ಮನೆಯವರೂ ಮಗನೂ ಗಾಡಿಯ ಮೇಲೆ ಸುತ್ತಾಡಿ ಬಂದರು. ಮರುದಿನವೂ ಹುಡುಕಿದರು. ಮಗಳು ಊಟ ಬಿಟ್ಟಳು. ಮನೆಯಲ್ಲಿ ಮತ್ತೆ ಆ ಹಳೆಯ ಮೌನ ಇಳಿಯಿತು; ಈ ಸಲ ಅದಕ್ಕೆ ತೂಕ ಹೆಚ್ಚು. ಮಧ್ಯಾಹ್ನದ ಹೊತ್ತಿಗೆ ಅತ್ತೆಯವರು ಎದ್ದು, ಚಪ್ಪಲಿ ಮೆಟ್ಟಿ, ಸೆರಗಿನಲ್ಲಿ ಅರ್ಧ ರೊಟ್ಟಿ ಕಟ್ಟಿಕೊಂಡು ಹೊರಟರು. ಒಂದು ವರ್ಷದಲ್ಲಿ ಓಣಿಯ ತಿರುವನ್ನು ಒಬ್ಬರೇ ದಾಟದಿದ್ದವರು. ‘ಎಲ್ಲಿಗ್ರಿ ಅತ್ತಿ?’ ಎಂದರೆ ಉತ್ತರ ಕೊಡಲಿಲ್ಲ. ನಾನು ಹಿಂದೆ ಹೋದೆ.

ಅವರು ಒಂದೊಂದು ಓಣಿಯಲ್ಲಿಯೂ ನಿಂತು ‘ಕರಿಯಾ, ಬಾರೋ ನಮ್ಮಪ್ಪಾ’ ಎಂದು ಗಟ್ಟಿಯಾಗಿ ಕೂಗಿದರು. ಹೊಲದ ಈ ಬದಿಯಿಂದ ಆ ಬದಿಗೆ ಕೂಗಿ ರೂಢಿಯಾದ ದನಿ. ಅಂಗಡಿಯವರನ್ನು, ಆಟೋದವರನ್ನು, ಗಾರೆ ಕೆಲಸದವರನ್ನು ನಿಲ್ಲಿಸಿ ತಮಗೆ ಬಂದ ಮರಾಠಿಯಲ್ಲಿ ‘ಕಾಳಾ ಕುತ್ರಾ ದಿಸ್ಲಾ ಕಾ?’ ಎಂದು ಕೇಳಿದರು. ಯಾರೂ ನಗಲಿಲ್ಲ. ಎದುರುಮನೆಯ ತೆಲುಗು ಅಜ್ಜಿಯೂ ಬಂದು ಸೇರಿಕೊಂಡರು. ಇಬ್ಬರೂ ಮುದುಕಿಯರು, ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧವೇ ತಿಳಿಯುವಂಥದ್ದು, ಕೈಹಿಡಿದುಕೊಂಡು ರಸ್ತೆ ದಾಟಿದರು. ಸಂಜೆಯ ಹೊತ್ತಿಗೆ ಓಣಿಯ ಏಳೆಂಟು ಹುಡುಗರೂ ಜೊತೆಗೂಡಿದ್ದರು. ಅರ್ಧ ಕಟ್ಟಿದ ಕಟ್ಟಡವೊಂದರ ಬಳಿ, ನಿಂತ ಟ್ರ್ಯಾಕ್ಟರಿನ ಡಬ್ಬಿಯ ಕೆಳಗೆ ಎರಡು ಕಣ್ಣುಗಳು ಹೊಳೆದವು. ಹುಡುಗರು ಕರೆದರೆ ಬರಲಿಲ್ಲ. ಇನ್ನೂ ಒಳಗೆ ಸರಿದ. ಅತ್ತೆಯವರು ನೆಲದ ಮೇಲೆ ಕೂತು, ಕೂಗದೆ, ಮೊದಲ ರಾತ್ರಿ ಮಾತಾಡಿದ ಹಾಗೆ ಮಾತಾಡತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ ಕರಿಯಾ ಹೊಟ್ಟೆಯ ಮೇಲೆ ತೆವಳುತ್ತ ಬಂದು ಅವರ ಮಡಿಲಲ್ಲಿ ಮೂತಿಯಿಟ್ಟ.

ಆ ದಿನದಿಂದ ಬಡಾವಣೆಯಲ್ಲಿ ಅವರನ್ನು ಅರಿಯದವರಿಲ್ಲ. ಅವರ ಹೆಸರು ‘ಕರ್ಯಾಚಿ ಆಯಿ’. ಹೇಳುವವರ ಮರಾಠಿಯಲ್ಲಿ ಅದಕ್ಕೆ ಕರಿಯಾನ ತಾಯಿ ಎಂದರ್ಥ; ಕೇಳುವ ನಮ್ಮ ಕನ್ನಡದಲ್ಲಿ ಕರಿಯಾನ ಅಜ್ಜಿ. ಎರಡೂ ಸರಿಯಾದ್ದರಿಂದ ಯಾರೂ ತಿದ್ದಲು ಹೋಗಲಿಲ್ಲ. ಈಗ ಸಂಜೆಗಳಲ್ಲಿ ನಮ್ಮ ಗೇಟಿನ ಮುಂದೆ ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಚಾಪೆ. ಅದೇ ನಮ್ಮ ಕಟ್ಟೆ. ಅತ್ತೆಯವರು ಊರ ಕತೆಗಳನ್ನು ಹೇಳುತ್ತಾರೆ. ಮಗಳು ನಡುನಡುವೆ ಓಣಿಯ ಗೆಳತಿಯರಿಗಾಗಿ ಮರಾಠಿಗೆ ತಿರುಗಿಸುತ್ತಾಳೆ. ತಿರುಗಿಸಬೇಕಾದರೆ ಮೊದಲು ಕನ್ನಡ ಪೂರ್ತಿ ತಿಳಿದಿರಬೇಕಲ್ಲ! ‘ಕಣಕಿ ಅಂದ್ರೇನು, ಕೊಟ್ಟಿಗಿ ಅಂದ್ರೇನು, ಹಗೇವು ಅಂದ್ರೇನು’ ಎಂದು ಅಜ್ಜಿಯನ್ನು ಕೇಳುತ್ತಾಳೆ. ಶಾಲೆಯಲ್ಲಿ ‘ನಮ್ಮ ಮನೆ’ ಎಂದು ಹತ್ತು ವಾಕ್ಯ ಬರೆಯಲು ಕೊಟ್ಟಾಗ ಅವಳು ಮೊದಲ ವಾಕ್ಯವಾಗಿ ನಮ್ಮ ಮನೆಯಲ್ಲಿ ಆರು ಮಂದಿ ಇದ್ದೇವೆ ಎಂದು ಬರೆದಳು. ನಾವು ಐವರು. ಗುರುಗಳು ಓದಿ ನಕ್ಕು, ಸರಿ ಗುರುತು ಹಾಕಿದರು. ಅವಳು ಬರೆದದ್ದು ಈ ಸೊಲ್ಲಾಪುರದ ಮನೆಯ ಬಗ್ಗೆ.

ಕಳೆದ ಎಳ್ಳಮವಾಸ್ಯೆಗೆ ಅತ್ತೆಯವರು ಹಳ್ಳಿಗೆ ಹೋದರು. ಹೊಲದಲ್ಲಿ ಚರಗ ಚೆಲ್ಲಬೇಕು, ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಹಂಚಬೇಕು; ಹದಿನೈದು ದಿನ ಇದ್ದು ಬರುವುದಾಗಿ ಹೇಳಿ ಹೋಗಿದ್ದರು. ನಾಲ್ಕನೆಯ ದಿನ ರಾತ್ರಿ ಮಗನಿಗೆ ಫೋನು ಮಾಡಿದರು. ‘ಕರಿಯಾಗ ರೊಟ್ಟಿ ಯಾರು ಹಾಕ್ಲಿಕತ್ತಾರ? ನಾಳಿ ಬಂದು ನನಗ ಮನಿಗಿ ಕರ್ಕೊಂಡು ಹೋಗು’ ಎಂದರು. ಐವತ್ತು ವರ್ಷ ಬಾಳಿದ ಮನೆಯ ಪಡಸಾಲೆಯಲ್ಲಿ ಕೂತು ಅವರು ಆ ಮಾತು ಹೇಳಿದ್ದರು. ನಮ್ಮ ಮನೆಯವರು ಫೋನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತರು.

ನಾಯಿ ಸಾಕಬೇಕೆಂದು ಯೋಚಿಸುವ ಮನೆಗಳಿಗೆ ಎರಡು ಮಾತು. ಪೇಟೆಯಲ್ಲಿ ಸಾವಿರಾರು ರೂಪಾಯಿ ಕೊಟ್ಟು ದೂರದೇಶದ ತಳಿ ತರಬೇಕಾಗಿಲ್ಲ. ನಮ್ಮ ಮುಧೋಳದ ಬೇಟೆನಾಯಿಯನ್ನು ಅಂಚೆ ಇಲಾಖೆ 2005ರಲ್ಲಿ ಅಂಚೆಚೀಟಿಯ ಮೇಲೆ ಮುದ್ರಿಸಿ ಗೌರವಿಸಿತು. ಆದರೆ ಓಡಲು ಬಯಲಿಲ್ಲದ ಮನೆಗೆ ಅದೂ ತಕ್ಕದ್ದಲ್ಲ. ನಮ್ಮ ಬಿಸಿಲಿಗೆ, ನಮ್ಮ ರೊಟ್ಟಿಗೆ ಹೊಂದಿಕೊಂಡ ನಾಡನಾಯಿಯೇ ಸಾಕು. ಎರಡು ತಿಂಗಳು ತುಂಬುವವರೆಗೆ ಮರಿಯನ್ನು ತಾಯಿಯಿಂದ ಬಿಡಿಸಬಾರದು. ಆರು-ಎಂಟು ವಾರಗಳಿಗೆ ಲಸಿಕೆ ಆರಂಭಿಸಿ, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ವೈದ್ಯರು ಹೇಳಿದಂತೆ ಮುಂದುವರಿಸಬೇಕು. ಯಾವ ನಾಯಿ ಕಚ್ಚಿದರೂ, ಪರಚಿದರೂ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಕೂಡಲೇ ದವಾಖಾನೆಗೆ ಹೋಗಬೇಕು. ಅರಿಶಿನ, ಸುಣ್ಣ, ಖಾರ ಹಚ್ಚಿ ಕೂರಬಾರದು. ಈ ರೋಗದ ಲಕ್ಷಣ ಕಾಣಿಸಿದ ಮೇಲೆ ಉಳಿಯುವುದು ಅಸಾಧ್ಯವೆನ್ನುವಷ್ಟು ಕಠಿಣ. ಮೊದಲೇ ಲಸಿಕೆ ಪಡೆದರೆ ತಡೆಯುವುದು ಸಾಧ್ಯ. ಮನೆಯ ಸುಖಕ್ಕಾಗಿ ತಂದ ಜೀವದಿಂದ ಬೀದಿಗೆ ಭಯವಾಗಬಾರದು.

ನಾಯಿಯ ಆಯುಷ್ಯ ಹತ್ತು-ಹದಿಮೂರು ವರ್ಷ. ಮಗಳು ಕಾಲೇಜು ಮುಗಿಸುವ ಹೊತ್ತಿಗೆ ಕರಿಯಾ ಮುದುಕನಾಗಿರುತ್ತಾನೆ, ಅಥವಾ ಇರುವುದಿಲ್ಲ. ಅತ್ತೆಯವರ ವಯಸ್ಸನ್ನೂ ನಾವು ಬಲ್ಲೆವು. ಈ ಲೆಕ್ಕ ಅವರಿಗೂ ಗೊತ್ತು. ಒಮ್ಮೆ ನಗುತ್ತಲೇ ‘ನಮ್ಮಿಬ್ಬರಾಗ ಯಾರು ಮೊದಲು ಹೋಗ್ತೀವೋ ನೋಡೂಣು’ ಎಂದು ಕರಿಯಾನಿಗೆ ಹೇಳಿದ್ದನ್ನು ಕೇಳಿದ್ದೇನೆ. ಹಳ್ಳಿಯ ಮನೆ ನಮಗೆ ಮನೆಯಾಗಿದ್ದದ್ದು ಅಲ್ಲಿ ಹುಟ್ಟಿದವರಿಂದ, ಅಲ್ಲಿ ತೀರಿದವರಿಂದ, ಅವರನ್ನು ನೆನೆಯುವ ಮಾತುಗಳಿಂದ. ಈ ಹೊಸ ಮನೆಗೂ ಅಂಥ ನೆನಪುಗಳು ಈಗ ಕೂಡತೊಡಗಿವೆ. ಮೊನ್ನೆ ಬಣ್ಣ ಬಳಿಯಲು ಬಂದವರು ಮುಂಬಾಗಿಲ ಕೆಳಗಿನ ಉಗುರುಗೆರೆಗಳನ್ನು ತೋರಿಸಿ ‘ಲುಕಣ ತುಂಬಿ ಮುಚ್ಚಿಬಿಡಲೇ?’ ಎಂದು ಕೇಳಿದರು. ಅತ್ತೆಯವರು ಬೇಡವೆಂದರು. ಬಾಗಿಲಿನ ಉಳಿದ ಭಾಗಕ್ಕೆಲ್ಲ ಹೊಸ ಬಣ್ಣ ಬಂದಿದೆ.